ಮನೆಯಿಂದಲೇ ಹಾಜರಿ

ಸಂಜಯನಗರದ ಮುಖ್ಯರಸ್ತೆಯಲ್ಲಿ, ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಕಾಶಿನಾಥ ವಕೀಲರ ಆಫೀಸು. ಪ್ರತಿ ವರ್ಷ ಆಗಸ್ಟ್‌ನಲ್ಲಿ ಅಲ್ಲಿಗೆ ನಾಲ್ಕೈದು ಜನ ಹೊಸ ಜೂನಿಯರ್‌ಗಳು ಸೇರುತ್ತಾರೆ. ಕಾನೂನು ಕಾಲೇಜಿನಿಂದ ನೇರ ಬಂದವರು. ಕರಿ ಕೋಟು ಇನ್ನೂ ಭುಜಕ್ಕೆ ಒಗ್ಗಿರುವುದಿಲ್ಲ. ಅವರನ್ನು ವಕೀಲರನ್ನಾಗಿ ಮಾಡುವುದು ಸಬೀರಾ ಅವರ ಕೆಲಸ.

ಸಬೀರಾ ಅವರಿಗೆ ಈಗ ಐವತ್ತೆರಡು. ಆರ್.ಟಿ. ನಗರದ ಮನೆಯಿಂದ ಈ ಆಫೀಸಿಗೆ ಇಪ್ಪತ್ತನಾಲ್ಕು ವರ್ಷದಿಂದ ಬರುತ್ತಿದ್ದಾರೆ. ಅವರೂ ವಕೀಲರೇ. ಆದರೆ ಸಾಕ್ಷಿಯ ಎದುರು ನಿಂತು ಅವರು ಕೊನೆಯ ಸಲ ಪಾಟೀಸವಾಲು ಮಾಡಿದ್ದು ಹನ್ನೊಂದು ವರ್ಷದ ಹಿಂದೆ. "ಕೇಸು ಯಾರು ಬೇಕಾದ್ರೂ ನಡೆಸ್ತಾರೆ ಮೇಡಂ. ಈ ಮಕ್ಕಳನ್ನ ತಿದ್ದೋಕೆ ನಿಮಗೊಬ್ರಿಗೇ ಬರೋದು. ಇವರಿಗೆಲ್ಲ ನೀವು ತಾಯಿ ಇದ್ದ ಹಾಗೆ" ಎಂದು ಕಾಶಿನಾಥರು ಹೊಸಬರ ಮುಂದೆ ಪ್ರತಿ ವರ್ಷ ಹೇಳುತ್ತಾರೆ. ಹೊಗಳಿಕೆಯೇ. ಮನೆಯಲ್ಲಿ "ನಿನ್ನ ಕೈ ಸಾರಿನ ರುಚಿ ಯಾರಿಗೂ ಬರಲ್ಲ" ಎನ್ನುವುದೂ ಹೊಗಳಿಕೆಯೇ. ಅದನ್ನು ಕೇಳಿಸಿಕೊಂಡ ಹೆಂಗಸು ಮಾರನೆಯ ದಿನವೂ ಸಾರು ಮಾಡಬೇಕಾಗುತ್ತದೆ.

ಮೊದಲ ಪಾಠ ಎಲ್ಲರಿಗೂ ಒಂದೇ. ಆಫೀಸಿನ ಉದ್ದನೆಯ ಬಾಲ್ಕನಿಯ ಒಂದು ತುದಿಯಲ್ಲಿ ಸಬೀರಾ ಕುರ್ಚಿ ಹಾಕಿಕೊಂಡು ನ್ಯಾಯಾಧೀಶರಾಗುತ್ತಾರೆ. ಇನ್ನೊಂದು ತುದಿಯಲ್ಲಿ ನಿಂತ ಹೊಸಬರು, ಕೆಳಗಿನ ಬಸ್ಸು ಬೈಕುಗಳ ಗದ್ದಲದ ಮೇಲೆ, ಕೇಸಿನ ನಂಬರು ಹೇಳಿ ವಾಯಿದೆ ಕೇಳಬೇಕು.

"ಕೇಳಿಸ್ತಿಲ್ಲ. ಮತ್ತೆ ಹೇಳಿ."

ಹುಡುಗ ಮತ್ತೆ ಹೇಳುತ್ತಾನೆ.

"ಇನ್ನೂ ಕೇಳಿಸ್ತಿಲ್ಲ. ನಿಮ್ ಕಕ್ಷಿದಾರನ ಮನೆ ಹೋಯ್ತು. ಪಾಪ, ಬಾಡಿಗೆ ಮನೆ ಹುಡುಕ್ತಿದ್ದಾನೆ. ಮುಂದಿನೋರು ಬನ್ನಿ."

ಎರಡನೆಯ ಪಾಠ ಹುಡುಗಿಯರಿಗೆ ಮಾತ್ರ. ಅದು ನಡೆಯುವುದು ಮೆಟ್ಟಿಲ ತಿರುವಿನಲ್ಲಿ, ತಗ್ಗಿದ ದನಿಯಲ್ಲಿ. ಕೋರ್ಟಿನ ಯಾವ ಮಹಡಿಯ ಶೌಚಾಲಯಕ್ಕೆ ಚಿಲಕ ಸರಿಯಾಗಿದೆ, ಚೀಲದಲ್ಲಿ ಎರಡು ಪಿನ್ನು, ಒಂದು ಪೊಟ್ಟಣ ಬಿಸ್ಕತ್ತು ಏಕೆ ಇರಬೇಕು, ಇಂಥವು. ಕೊನೆಗೆ ಒಂದು ಮಾತು: "ಕಕ್ಷಿದಾರರು ಬಂದಾಗ ಕಾಫಿ ಬಗ್ಗಿಸ್ಬೇಡಿ. ಫ್ಲಾಸ್ಕ್ ಹತ್ರಾನೇ ಹೋಗ್ಬೇಡಿ. ಮೊದಲನೇ ದಿನ ಬಗ್ಗಿಸಿದ್ರೆ ಕೊನೇವರೆಗೂ ನೀವೇ ಬಗ್ಗಿಸ್ತೀರಿ."

"ನೀವು ಬಗ್ಗಿಸಿದ್ರಾ ಮೇಡಂ?" ಎಂದು ಕಳೆದ ವರ್ಷದ ಆಗಸ್ಟ್‌ನಲ್ಲಿ ಕೇಳಿದವಳು ವರ್ಷಿತಾ.

"ಅದಕ್ಕೇ ಹೇಳ್ತಿರೋದು."

ಇಷ್ಟು ವರ್ಷದಲ್ಲಿ ಮೂವತ್ತೆಂಟು ಹುಡುಗಿಯರು ಆ ಮೆಟ್ಟಿಲ ತಿರುವಿನಲ್ಲಿ ನಿಂತು ಹೋಗಿದ್ದಾರೆ. ಇವತ್ತು ಕೋರ್ಟಿನಲ್ಲಿ ಕೋಟು ಹಾಕಿಕೊಂಡು ಕಾಣಸಿಗುವವರು ಐದು ಜನ. ಉಳಿದವರು ಯಾರೂ ಬಿಡುತ್ತೇನೆ ಎಂದು ಹೇಳಿ ಬಿಟ್ಟವರಲ್ಲ. "ಮೂರು ತಿಂಗಳು ರಜೆ ಮೇಡಂ" ಎಂದು ಹೋದವರು. ಮದುವೆ, ಮಗು, ಮಾವನ ಆಪರೇಷನ್ನು, ಗಂಡನ ವರ್ಗಾವಣೆ. ಆ ಮೂರು ತಿಂಗಳು ಯಾರಿಗೂ ಮುಗಿಯಲೇ ಇಲ್ಲ.

ವರ್ಷಿತಾ ಹುಣಸಮಾರನಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಬಾಲ್ಕನಿಯಲ್ಲಿ ಅವಳ ದನಿ ಮೊದಲ ದಿನವೇ ಔಷಧಿ ಅಂಗಡಿಯವನಿಗೂ ಕೇಳಿಸಿತ್ತು. ಆದರೆ ಸಬೀರಾ ಅವಳನ್ನು ನಿಜವಾಗಿ ಗಮನಿಸಿದ್ದು ರತ್ನವ್ವನ ಕೇಸಿನಲ್ಲಿ. ರತ್ನವ್ವ ಯಲಹಂಕದಲ್ಲಿ ಬಟ್ಟೆ ಹೊಲಿದು ಬದುಕುವ ವಿಧವೆ. ಅವಳಿರುವ ಎರಡು ಕೋಣೆಯ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಇದ್ದವನು ತಾನೇ, ಇವಳು ಈಚೆಗೆ ಬಂದು ಸೇರಿಕೊಂಡವಳು, ಮನೆ ತನ್ನದು ಎಂದು ಗಂಡನ ತಮ್ಮ ದಾವೆ ಹೂಡಿದ್ದ. ವರ್ಷಿತಾ ಎರಡು ಶನಿವಾರ ಆ ಮನೆಯ ಮುಂದೆ ಕೂತು ಬಂದು, ಆ ಮೈದುನನಿಗೆ ಕೇಳಬೇಕಾದ ಮೂವತ್ತೆರಡು ಪ್ರಶ್ನೆಗಳನ್ನು ಉದ್ದ ನೋಟ್‌ಬುಕ್ಕಿನಲ್ಲಿ ಬರೆದು ತಂದಳು. ನಲ್ಲಿಯಲ್ಲಿ ನೀರು ಯಾವ ಯಾವ ದಿನ ಬರುತ್ತೆ? ಎಷ್ಟು ಹೊತ್ತಿಗೆ? ಸಂಪಿನ ಮುಚ್ಚಳ ಎತ್ತೋಕೆ ಏನು ಬಳಸ್ತೀರಿ? ಮಳೆ ಬಂದ್ರೆ ಯಾವ ಗೋಡೆ ಸೋರುತ್ತೆ?

ಸಬೀರಾ ನಕ್ಕುಬಿಟ್ಟರು. "ಇದು ಗೊತ್ತಿಲ್ಲ ಅಂದ್ರೆ ಆ ಮನೇಲಿ ಇರ್ಲಿಲ್ಲ ಅಂತ ಅಲ್ಲಮ್ಮಾ. ಗಂಡಸು ಅಂತ, ಅಷ್ಟೇ. ನಮ್ಮನೆಯೋರಿಗೂ ಗೊತ್ತಿಲ್ಲ."

"ಅದಕ್ಕೇ ಮೇಡಂ, ಮೂರನೇ ಪ್ರಶ್ನೆ ನೋಡಿ. ಮನೇಲಿ ಬೇರೆ ಯಾರಿದ್ರು ಅಂತ. ಒಬ್ಬನೇ ಇದ್ದೆ ಅಂತ ಅವನ ಅಫಿಡವಿಟ್‌ನಲ್ಲೇ ಇದೆ, ಐದನೇ ಪ್ಯಾರಾ. ಅದನ್ನ ಮೊದಲು ಅವನ ಬಾಯಲ್ಲೇ ಹೇಳಿಸ್ತೀನಿ. ಆಮೇಲೆ ನೀರಿಗೆ ಬರ್ತೀನಿ. ಒಬ್ನೇ ಇದ್ರೆ ಇಪ್ಪತ್ತು ವರ್ಷ ನೀರು ಹಿಡ್ದಿದ್ದು ಯಾರು ಹಾಗಾದ್ರೆ?"

ಸಬೀರಾ ನೋಟ್‌ಬುಕ್ಕು ಮುಚ್ಚಿ, ಅವಳನ್ನೂ ಕರೆದುಕೊಂಡು ನೇರ ಕಾಶಿನಾಥರ ಕೋಣೆಗೆ ಹೋದರು. ಕಾಶಿನಾಥರು ಓದಿ ಕನ್ನಡಕ ತೆಗೆದರು. "ಪರವಾಗಿಲ್ವೇ ಹುಡುಗಿ! ಆಗ್ಲಿ, ರತ್ನವ್ವನ ಕೇಸಲ್ಲಿ ಪಾಟೀಸವಾಲು ನೀನೇ ಮಾಡು." ಮೊದಲ ವರ್ಷದ ಹುಡುಗಿಯೊಬ್ಬಳಿಗೆ ಆ ಆಫೀಸಿನಲ್ಲಿ ಅಂಥ ಮಾತು ಸಿಕ್ಕಿದ್ದು ಅದೇ ಮೊದಲು. ತಮ್ಮ ಸರದಿಗೆ ಅಂಥದ್ದು ಬರಲು ಆರು ವರ್ಷ ಹಿಡಿದಿದ್ದನ್ನು ಸಬೀರಾ ಅವಳಿಗೆ ಹೇಳಲಿಲ್ಲ. ಈ ಒಬ್ಬಳು ಉಳಿಯುತ್ತಾಳೆ, ಆರನೆಯವಳಾಗುತ್ತಾಳೆ ಎಂದು ಮನಸ್ಸಿನಲ್ಲೇ ಅಂದುಕೊಂಡರು.

ಫೆಬ್ರವರಿಯಲ್ಲಿ ವರ್ಷಿತಾಳ ಮದುವೆಯಾಯಿತು. ಹೆಸರಘಟ್ಟದ ಮುನಿಕೃಷ್ಣಪ್ಪನವರ ಮನೆ; ಹನ್ನೊಂದು ಜನ, ನಾಲ್ಕು ಕರೆಯುವ ಹಸು. ಸೊಸೆ ವಕೀಲಿ ಮಾಡಲಿ ಎಂದು ಅವರೇ ಹೇಳಿ ತಂದುಕೊಂಡ ಸಂಬಂಧ. ಎರಡು ಬಸ್ಸು ಬದಲಿಸಿ ಅವಳು ಹತ್ತೂವರೆಗೆ ಕೋರ್ಟಿನಲ್ಲಿರುತ್ತಿದ್ದಳು. ಕೋಟಿನ ಕೆಳಗೆ ಕೈಯಲ್ಲಿ ಬೆಳ್ಳುಳ್ಳಿ ವಾಸನೆ ಇರುತ್ತಿತ್ತು. ಅದರ ಬಗ್ಗೆ ಇಬ್ಬರೂ ಮಾತಾಡಲಿಲ್ಲ. ಸಬೀರಾ ಅವರ ಕೈಯಲ್ಲೂ ಅದೇ ವಾಸನೆ ಇರುತ್ತಿತ್ತಲ್ಲ.

ಮೇ ತಿಂಗಳಲ್ಲಿ ಅತ್ತೆ ವೆಂಕಟಲಕ್ಷ್ಮಮ್ಮ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡರು.

"ಮೂರು ತಿಂಗಳು ರಜೆ ಬೇಕಾಗುತ್ತೆ ಮೇಡಂ" ಎಂದಳು ವರ್ಷಿತಾ ಫೋನಿನಲ್ಲಿ.

ಆ ಮೂರು ತಿಂಗಳು ಎನ್ನುವ ಮಾತನ್ನು ಸಬೀರಾ ಹಿಂದೆ ಬಹಳ ಸಲ ಕೇಳಿದ್ದರು. ಒಂದು ವಾರ ಯೋಚಿಸಿ ಉಪಾಯ ಹುಡುಕಿದರು. ಈಗ ಕೋರ್ಟುಗಳಲ್ಲಿ ವಿಡಿಯೋ ಮೂಲಕವೂ ಹಾಜರಾಗಬಹುದು. ಕೇಸು ಕೂಗಿದಾಗ ಹಾಜರಿ ಹೇಳುವುದು, ವಾಯಿದೆ ಕೇಳುವುದು, ಇವನ್ನು ಮನೆಯಿಂದಲೇ ಮಾಡಬಹುದು. ಹುಡುಗಿಯ ಹೆಸರು ಆಫೀಸಿನ ಪಟ್ಟಿಯಲ್ಲಿ ಉಳಿಯುತ್ತದೆ. ಅತ್ತೆಯ ಕೈ ಸರಿಹೋದ ಮೇಲೆ ತಿರುಗಿ ಬರುತ್ತಾಳೆ. ಕಾಶಿನಾಥರು ಒಪ್ಪಿದರು. ಭಾನುವಾರ ಸಬೀರಾ ತಾವೇ ಹೆಸರಘಟ್ಟಕ್ಕೆ ಹೊರಟರು.

ವೆಂಕಟಲಕ್ಷ್ಮಮ್ಮ ಜಗಲಿಯ ಮೇಲೆ ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದರು. ಕೆಟ್ಟ ಹೆಂಗಸಲ್ಲ. ಮೂವತ್ತೈದು ವರ್ಷ ಒಂದು ದಿನವೂ ಕೂತು ಗೊತ್ತಿಲ್ಲದವರು ಈಗ ಕೂರಬೇಕಾಗಿ ಬಂದು ಕಂಗಾಲಾಗಿದ್ದರು.

"ಬನ್ನಿ ಮೇಡಮ್ಮ, ಕುಂತ್ಕಳಿ. ನೋಡಿ ಎಂಗಾಗೈತೆ ನನ್ ಗತಿ. ಒಂದ್ ಲೋಟ ನೀರು ಬೇಕಂದ್ರೂ ಇನ್ನೊಬ್ರನ್ನ ಕೇಳ್ಬೇಕು. ಈ ಮನೆ ಗಂಡಸ್ರು ಆಲು ಕರೀತಾರೆ, ಪಾತ್ರೆ ಮಾತ್ರ ಅಂಗೇ ಬುಟ್ಟೋಯ್ತಾರೆ."

"ವರ್ಷಿತಾ ಇಲ್ಲೇ ಇರ್ತಾಳಮ್ಮ. ಬೆಳಿಗ್ಗೆ ಹನ್ನೊಂದರಿಂದ ಎರಡು ಗಂಟೆವರೆಗೆ ಫೋನ್ ಮುಂದೆ ಕೂತ್ಕೊಳ್ಳೋಕೆ ಬಿಡಿ, ಸಾಕು. ಕೋರ್ಟು ಫೋನಲ್ಲೇ ಬರುತ್ತೆ."

"ಮನೇಲೇ ಕುಂತು ಮಾಡೋ ಅಂಗೈತಾ? ಬಸ್ಸಿಲ್ಲ, ಬಿಸ್ಲಿಲ್ಲ?"

"ಹೌದಮ್ಮ. ಆರಾಮಾಗಿ ಮನೆಯಿಂದಲೇ ಮಾಡಬಹುದು."

"ಅಂಗಾದ್ರೆ ಯಾವಳು ಬ್ಯಾಡ ಅಂತಾಳೆ? ಮಾಡ್ಲಿ ಬುಡಿ. ಇಷ್ಟ್ ಒಳ್ಳೆ ಕೆಲ್ಸ ಅಂತ ಮೊದ್ಲೇ ಯೋಳ್ಬಾರ್ದಾ!"

ಬಾಗಿಲ ಹಿಂದೆ ನಿಂತಿದ್ದ ವರ್ಷಿತಾ ಕಣ್ಣಲ್ಲೇ ಕೈಮುಗಿದಳು. ಒಂದು ಡಬ್ಬಿ ಗಟ್ಟಿ ಮೊಸರಿನೊಂದಿಗೆ ಸಬೀರಾ ಬಸ್ಸು ಹತ್ತಿದರು. ದಾರಿಯುದ್ದಕ್ಕೂ, ಬಹಳ ವರ್ಷದ ಮೇಲೆ ಒಂದು ಕೇಸು ಗೆದ್ದಷ್ಟು ಸಂತೋಷವಾಗಿತ್ತು.

ಮನೆಯ ಹಿಂದಿನ ಜಗಲಿಯಲ್ಲಿ, ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಮಾತ್ರ ನೆಟ್‌ವರ್ಕು ಸರಿಯಾಗಿ ಸಿಗುತ್ತಿತ್ತು. ಅಲ್ಲಿ ಒಂದು ಬಿಳಿ ಹೊದಿಕೆ ಇಳಿಬಿಟ್ಟು, ಅಕ್ಕಿ ಡಬ್ಬದ ಮೇಲೆ ಫೋನು ನಿಲ್ಲಿಸಿ, ನೈಟಿಯ ಮೇಲೆ ವಕೀಲರ ಬಿಳಿ ಕೊರಳಪಟ್ಟಿ, ಕರಿ ಕೋಟು ಹಾಕಿಕೊಂಡು ವರ್ಷಿತಾ ಹಾಜರಾದಳು. ಮೊದಲ ವಾರ ದಿನಕ್ಕೆ ಐದು ಕೇಸು. ಒಂದೂ ತಪ್ಪಲಿಲ್ಲ. ಒಂದು ಕೋರ್ಟ್ ಹಾಲಿನಿಂದ ಇನ್ನೊಂದಕ್ಕೆ ಮೆಟ್ಟಿಲು ಹತ್ತಿ ಓಡುವ ಹುಡುಗರು ಎರಡು ಕಡೆ ತಲುಪುವಷ್ಟರಲ್ಲಿ ಅವಳು ಬೆರಳಲ್ಲೇ ಐದೂ ಕೋರ್ಟ್ ಹಾಲು ಮುಗಿಸುತ್ತಿದ್ದಳು. ಕಾಶಿನಾಥರಿಗೆ ಖುಷಿಯಾಯಿತು. ಐದು ಒಂಬತ್ತಾಯಿತು, ಹದಿಮೂರಾಯಿತು. "ಹೇಗೂ ಮನೇಲೇ ಇರ್ತಾಳಲ್ಲ ಮೇಡಂ."

ಮನೆಯವರೂ ಅದನ್ನೇ ಹೇಳಿದರು. ಹೇಗೂ ಮನೆಯಲ್ಲೇ ಇರುತ್ತಾಳೆಂದು ಪಾತ್ರೆ ತೊಳೆಯಲು ಬರುತ್ತಿದ್ದವಳನ್ನು ಬಿಡಿಸಿದರು. ಓರಗಿತ್ತಿ ತನ್ನ ಎರಡು ವರ್ಷದ ಮಗುವನ್ನು ಇವಳ ಪಕ್ಕ ಕೂರಿಸಿ ಹೊಲಿಗೆ ತರಬೇತಿಗೆ ಹೋಗತೊಡಗಿದಳು. ಕೇಸು ಕೂಗುವವರೆಗೆ ಸುಮ್ಮನೆ ಕೂರುವುದೇಕೆ ಎಂದು ಮೊರದಲ್ಲಿ ಹುರುಳಿಕಾಯಿ ಬಂತು. ಮೈಕು ಮುಚ್ಚಿದ್ದಾಗ ನಾರು ಬಿಡಿಸುವುದು, ಮೈಕು ತೆರೆದಾಗ ವಾಯಿದೆ ಕೇಳುವುದು. ಪರದೆಯಲ್ಲಿ ಅವಳು ಆಗಾಗ ತಲೆ ತಗ್ಗಿಸುವುದನ್ನು ಕಂಡು, ಫೈಲು ಓದುತ್ತಿದ್ದಾಳೆ ಎಂದುಕೊಂಡಿದ್ದರು ಸಬೀರಾ. ಒಂದು ದಿನ ಅವಳೇ ನಗುತ್ತಾ ಹೇಳಿದಳು: "ಇವತ್ತು ಎರಡು ಕೇಜಿ ಹುರುಳಿಕಾಯಿ ಮುಗೀತು ಮೇಡಂ. ಹದಿನೈದು ಕೇಸೂ ಮುಗೀತು."

ಜುಲೈ ಕೊನೆಗೆ ವೆಂಕಟಲಕ್ಷ್ಮಮ್ಮನ ಕೈಪಟ್ಟಿ ಬಿಚ್ಚಿದರು. ಸಬೀರಾ ಫೋನು ಮಾಡಿದರು.

"ಕೈ ಚೆನ್ನಾಗೈತೆ ಮೇಡಮ್ಮ, ನಿಮ್ಮ ದೇವ್ರು ಒಳ್ಳೇದ್ ಮಾಡ್ಲಿ. ಆದ್ರೆ ಇವ್ಳು ಈಗ್ಯಾಕೆ ಅಷ್ಟು ದೂರ ಓಗ್ಬೇಕು? ನೀವೇ ತಾನೆ ಬಂದು ಯೋಳಿದ್ದು, ಆರಾಮಾಗಿ ಮನೆಯಿಂದ್ಲೇ ಮಾಡ್ಬೋದು ಅಂತ? ಮಾಡ್ತಾನೂ ಅವ್ಳೆ ಅಲ್ವಾ!"

ವಾದವೆಲ್ಲ ಸಬೀರಾ ಅವರದೇ ಆಗಿತ್ತು. ಅದನ್ನು ಇನ್ನಷ್ಟು ನೇರವಾಗಿ ಮಂಡಿಸಿದ್ದರು ಆ ಹೆಂಗಸು.

ಸೆಪ್ಟೆಂಬರಿನ ಒಂದು ಗುರುವಾರಕ್ಕೆ ರತ್ನವ್ವನ ಕೇಸು ಪಾಟೀಸವಾಲಿಗೆ ನಿಗದಿಯಾಯಿತು. ಸಾಕ್ಷಿಗೆ ದಾಖಲೆ ತೋರಿಸಿ ಪ್ರಶ್ನೆ ಕೇಳಬೇಕಾದ್ದರಿಂದ ಆ ದಿನ ಕೋರ್ಟಿಗೆ ಬರಲೇಬೇಕು. ವರ್ಷಿತಾ ಹದಿನೈದು ದಿನ ಮೊದಲೇ ಮನೆಯಲ್ಲಿ ಕೇಳಿದಳು. ಗಂಡ, "ಅಮ್ಮನ್ನ ಕೇಳು" ಎಂದ. ಅತ್ತೆ, "ಒಂದಿನ ತಾನೆ, ಓಗ್ಬಾ" ಎಂದರು. ಒಂದು ದಿನಕ್ಕೆ ಬದಲಾಗಿ ಅವಳು ವಾರದ ಹಿಟ್ಟು ಬೀಸಿಸಿ, ಮಸಾಲೆ ರುಬ್ಬಿಟ್ಟು, ಓರಗಿತ್ತಿಯ ಮಗುವಿಗೆ ಯಾರು ಎಂಬುದನ್ನೂ ಹೊಂದಿಸಿದಳು. ಸೋಮವಾರ ಸಂಜೆ ಫೋನಿನಲ್ಲಿ ಅವಳ ದನಿ ಬಾಲ್ಕನಿಯ ದಿನಗಳ ದನಿಯಂತಿತ್ತು. "ಬರ್ತಿದ್ದೀನಿ ಮೇಡಂ! ಕೋಟು ಒಗೆದು ಇಸ್ತ್ರಿ ಮಾಡಿದ್ದೀನಿ."

ಮಂಗಳವಾರ ಬೆಳಿಗ್ಗೆ ಕಾಶಿನಾಥರು ಗುರುವಾರದ ಪಟ್ಟಿ ನೋಡುತ್ತಾ ಹೇಳಿದರು: "ರತ್ನವ್ವನ ಪಾಟೀಸವಾಲು ಅರ್ಬಾಜ್ ಮಾಡ್ಲಿ." ಅರ್ಬಾಜ್ ವರ್ಷಿತಾಳ ಜೊತೆಗೇ ಸೇರಿದ್ದ ಜೂನಿಯರ್.

"ಸರ್, ಅದು ವರ್ಷಿತಾಗೆ ಅಂತ ನೀವೇ..."

"ಹೇಳಿದ್ದೆ ಮೇಡಂ. ಆದ್ರೆ ಗುರುವಾರ ಅವಳ ಹತ್ರ ಹತ್ತೊಂಬತ್ತು ಕೇಸಿದೆ, ಒಂಬತ್ತು ಕೋರ್ಟ್ ಹಾಲಲ್ಲಿ. ಅವಳು ಇಲ್ಲಿಗೆ ಬಂದ್ರೆ ಅವನ್ನ ಯಾರು ನೋಡ್ತಾರೆ?"

"ಅರ್ಬಾಜ್ ನೋಡ್ಲಿ. ನಾನೂ ಓಡ್ತೀನಿ."

"ನಿಮ್ ಮಂಡಿ ನೋವು ನನಗೆ ಗೊತ್ತಿಲ್ವಾ? ಅರ್ಬಾಜ್ ಓಡಿದ್ರೆ ನಾಲ್ಕು ಹಾಲು ತಲುಪ್ತಾನೆ, ಐದು ತಪ್ಪುತ್ತೆ. ಅವಳು ಕೂತಲ್ಲೇ ಒಂಬತ್ತೂ ಮುಗಿಸ್ತಾಳೆ. ಆ ಕೆಲಸಕ್ಕೆ ಅವಳಷ್ಟು ಚೆನ್ನಾಗಿ ಯಾರೂ ಇಲ್ಲ. ಪ್ರಶ್ನೆ ಹೇಗೂ ಬರೆದಿಟ್ಟಿದ್ದಾಳಲ್ಲ? ಅವನಿಗೆ ಎರಡು ದಿನ ತಯಾರಿ ಮಾಡಿಸಿ. ನೀವು ಕಲಿಸಿದ್ರೆ ಕಲ್ಲೂ ವಾದ ಮಾಡುತ್ತೆ."

"ಸರ್, ಈ ಒಂದನ್ನ ಅವಳಿಗೆ ಕೊಡಿ. ಇಲ್ಲದಿದ್ರೆ ಅವಳು..." ಇಲ್ಲದಿದ್ದರೆ ಏನು? ಬಿಟ್ಟುಹೋಗುತ್ತಾಳೆಯೇ? ಅವಳು ಎಲ್ಲಿಗೂ ಹೋಗುತ್ತಿರಲಿಲ್ಲ. ತೊಂದರೆ ಅದೇ ಆಗಿತ್ತು.

"ಮುಂದಿನ ಕೇಸು ಅವಳಿಗೇ ಮೇಡಂ, ಪ್ರಾಮಿಸ್" ಎಂದು ಕಾಶಿನಾಥರು ಎದ್ದರು.

ಆ ಹೊತ್ತಿಗೇ ಮನೆಯಿಂದ ಗಂಡ ತಾಜುದ್ದೀನ್ ಫೋನು ಮಾಡಿದರು. ಫ್ಯಾಕ್ಟರಿಯಿಂದ ನಿವೃತ್ತರಾಗಿ ಎರಡು ವರ್ಷವಾಗಿತ್ತು. "ಸಬೀರಾ, ಶಕ್ಕರ್ ಕಾಂ ರಖೀ?" ಸಕ್ಕರೆ ಮೂವತ್ತು ವರ್ಷದಿಂದ ಒಂದೇ ಡಬ್ಬದಲ್ಲಿತ್ತು. ಎಲ್ಲಿದೆ ಎಂದು ಹೇಳಿ ಸಬೀರಾ ಫೋನಿಟ್ಟರು. ಆಮೇಲೆ ವರ್ಷಿತಾಳಿಗೆ ಫೋನು ಮಾಡಿದರು. ಅವಳು ಏನೂ ವಾದಿಸಲಿಲ್ಲ. "ನೋಟ್‌ಬುಕ್ಕು ಆಫೀಸಲ್ಲೇ ಇದೆ ಮೇಡಂ, ನನ್ನ ಕಪಾಟಲ್ಲಿ" ಎಂದಳು.

ಅರ್ಬಾಜ್ ಒಳ್ಳೆಯ ಹುಡುಗ. ನೋಟ್‌ಬುಕ್ಕು ಕೈಗೆ ಬಂದಾಗ ಅವನಿಗೂ ಮುಜುಗರವಾಯಿತು. "ಮೇಡಂ, ಇದು ವರ್ಷಿತಾದು. ನಾನ್ ಹೆಂಗೆ ಕೇಳ್ಲಿ?"

"ಜೋರಾಗಿ ಕೇಳು" ಎಂದರು ಸಬೀರಾ. ಎರಡು ಸಂಜೆ ಬಾಲ್ಕನಿಯಲ್ಲಿ ತಾವೇ ಮೈದುನನಾಗಿ ನಿಂತು ಅವನಿಂದ ಮೂವತ್ತೆರಡೂ ಕೇಳಿಸಿದರು. ಮೂರನೆಯದನ್ನು ಬಿಡಬೇಡ, ಅದಿಲ್ಲದೆ ನೀರಿನ ಪ್ರಶ್ನೆಗೆ ಬೆಲೆಯಿಲ್ಲ ಎಂದು ನಾಲ್ಕು ಸಲ ಹೇಳಿದರು.

ಗುರುವಾರ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಮೈದುನ ಸಾಕ್ಷಿಕಟ್ಟೆ ಹತ್ತಿದ. ಅರ್ಬಾಜ್ ಎದ್ದು ನಿಂತ. ಸಬೀರಾ ಅವನ ಹಿಂದಿನ ಬೆಂಚಿನಲ್ಲಿ, ರತ್ನವ್ವ ಗೋಡೆಗೊರಗಿ. ಹಾಲಿನ ಗೋಡೆಯ ದೊಡ್ಡ ಪರದೆಯಲ್ಲಿ ವಿಡಿಯೋದಲ್ಲಿದ್ದ ವಕೀಲರ ಮುಖಗಳು ಸಾಲಾಗಿದ್ದವು. ಆಗ ಇನ್ನೊಂದು ಚೌಕ ತೆರೆಯಿತು. ವರ್ಷಿತಾ. ಅವಳ ಹತ್ತೊಂಬತ್ತೂ ಮುಗಿದಿತ್ತು. ಈ ಹಾಲಿನಲ್ಲಿ ಅವಳಿಗೆ ಕೆಲಸವಿರಲಿಲ್ಲ. ಇಸ್ತ್ರಿಯ ಕೋಟು ಹಾಕಿಕೊಂಡು ನೋಡಲು ಬಂದಿದ್ದಳು.

ಅರ್ಬಾಜ್ ಮೊದಲನೆಯದು ಕೇಳಿದ, ಎರಡನೆಯದು ಕೇಳಿದ. ನ್ಯಾಯಾಧೀಶರು ಗಡಿಯಾರ ನೋಡಿ, "ಬೇಗ, ವಿಷಯಕ್ಕೆ ಬನ್ನಿ" ಎಂದರು. ಅವನು ಗಲಿಬಿಲಿಯಾಗಿ ಹಾಳೆ ಮಗುಚಿದ. "ನಲ್ಲಿಯಲ್ಲಿ ನೀರು ಯಾವ ದಿನ ಬರುತ್ತೆ?"

"ಅದೆಲ್ಲ ಹೆಂಗಸ್ರಿಗೆ ಗೊತ್ತಿರೋದು ಸ್ವಾಮಿ. ನಮಗೇನು ಗೊತ್ತು?" ಎಂದ ಮೈದುನ.

ಹಾಲಿನಲ್ಲಿ ನಗು ಎದ್ದಿತು. ನ್ಯಾಯಾಧೀಶರೂ ಮುಗುಳ್ನಕ್ಕರು. ಪರದೆಯಲ್ಲಿ ವರ್ಷಿತಾ ಮುಂದಕ್ಕೆ ಬಾಗಿದಳು. ಅವಳ ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ. ಸಬೀರಾ ಚೀಟಿಯಲ್ಲಿ 'ಪ್ಯಾರಾ ಐದು' ಎಂದು ಗೀಚಿ ಅರ್ಬಾಜ್‌ನ ಬೆನ್ನು ತಟ್ಟುವಷ್ಟರಲ್ಲಿ ಪರದೆಯ ಮೇಲಿನ ಬೆರಳು ಮೈಕನ್ನು ತೆರೆದುಬಿಟ್ಟಿತು.

"ಯುವರ್ ಆನರ್, ಅಫಿಡವಿಟ್‌ನ ಐದನೇ..."

ಅದರ ಮೇಲೆಯೇ ಹಾಲಿನ ಸ್ಪೀಕರುಗಳಲ್ಲಿ ಅವಳ ಅತ್ತೆಯ ದನಿ ಬಂತು. "ಏ ವರ್ಸಿತಾ, ಆಲು ಉಕ್ತಾ ಐತೆ ನೋಡೇ! ಎಲ್ ಸತ್ತೆ?"

ಈ ಸಲದ ನಗು ದೊಡ್ಡದಾಗಿತ್ತು. ಮೈದುನನೂ ನಕ್ಕ. "ಯಾರದು? ಸಂಬಂಧ ಇಲ್ಲದೋರು ಯಾಕೆ ಮಾತಾಡ್ತಾರೆ? ತೆಗೀರಿ" ಎಂದರು ನ್ಯಾಯಾಧೀಶರು. ಸಿಬ್ಬಂದಿ ಒಂದು ಗುಂಡಿ ಒತ್ತಿದ. ವರ್ಷಿತಾಳ ಚೌಕ ಹೋಯಿತು. ಪಕ್ಕದ ಮುಖಗಳು ಸರಿದು ಆ ಜಾಗ ತುಂಬಿಕೊಂಡವು.

ಅರ್ಬಾಜ್ ಚೀಟಿ ನೋಡಿ ಕೊನೆಗೂ ಕೇಳಿದ. ಒಬ್ಬನೇ ಇದ್ದೆ ಎಂದು ಬರೆದಿದ್ದೀರಲ್ಲ, ನೀರು ಹಿಡಿಯುತ್ತಿದ್ದವರು ಯಾರು? ಮೈದುನನಿಗೆ ಅಷ್ಟರಲ್ಲಿ ಉಸಿರು ಬಂದಿತ್ತು. "ಒಬ್ನೇ ಅಂದ್ರೆ ಗಂಡಸು ಒಬ್ನೇ ಸ್ವಾಮಿ. ನೀರು, ಕಸ, ಪಾತ್ರೆ ಎಲ್ಲ ನನ್ನ ತಂಗಿ ಬಂದು ಮಾಡ್ಕೊಟ್ಟು ಹೋಗ್ತಿದ್ಲು. ಅವಳನ್ನ ಯಾಕೆ ಬರೆಸ್ಬೇಕು ಅಂತ ಬರೆಸ್ಲಿಲ್ಲ."

ಯಾರೂ ನಗಲಿಲ್ಲ. ಯಾರಿಗೂ ಅದು ವಿಚಿತ್ರ ಎನಿಸಲಿಲ್ಲ. ಉತ್ತರ ದಾಖಲಾಯಿತು.

ಹೊರಗೆ ರತ್ನವ್ವ ಕೇಳಿದಳು: "ಆ ಹುಡುಗಿ ಯಾಕ್ರೀ ಬರ್ಲಿಲ್ಲ? ನಮ್ಮನಿಗೆ ಬಂದು ಎರಡು ದಿನಾ ಕುಂತಿದ್ಲಲ್ಲ. ಆಕಿ ಕೇಳಿದ್ರ ಬ್ಯಾರೇನೇ ಕೇಳ್ತಿದ್ಲು." ಅವಳಿಗಿದ್ದದ್ದು ಅದೊಂದೇ ಮನೆ. ಕೇಸು ಇನ್ನೂ ಮುಗಿದಿಲ್ಲ ಎಂದರು ಸಬೀರಾ. ಅದು ನಿಜವೇ ಆಗಿತ್ತು, ಆದರೂ ರತ್ನವ್ವನ ಮುಖ ನೋಡಿ ಹೇಳಲಾಗಲಿಲ್ಲ.

ಆಫೀಸಿನಲ್ಲಿ ಕಾಶಿನಾಥರು ಬೇಸರ ಮಾಡಿಕೊಳ್ಳಲಿಲ್ಲ. "ಹೋಗ್ಲಿ ಬಿಡಿ, ಹುಡುಗ ಕಲೀತಾನೆ. ಆ ಹುಡುಗಿಗೆ ಮಾತ್ರ ಹೇಳಿ, ಸುಮ್ನೆ ಮಧ್ಯೆ ಬಾಯಿ ಹಾಕ್ಬಾರ್ದು. ಅಂದ ಹಾಗೆ ಮೇಡಂ, ಈ ವರ್ಷ ಬಂದಿರೋ ಹುಡುಗೀರಲ್ಲೂ ಇಬ್ಬರಿಗೆ ಇದೇ ವ್ಯವಸ್ಥೆ ಮಾಡೋಣ ಅಂತ. ಮದುವೆ ಆದ್ರೂ ಕೆಲಸ ಬಿಡೋ ಹಾಗಿರಲ್ಲ. ನಿಮ್ ಐಡಿಯಾ ನಿಜವಾಗ್ಲೂ ಚೆನ್ನಾಗಿದೆ. ಟ್ರೈನಿಂಗ್ ನೀವೇ ಕೊಡಿ."

ಸಬೀರಾ ತಮ್ಮ ಮೇಜಿಗೆ ಬಂದು ಕೂತರು. ನಾಲ್ಕು ಗಂಟೆಗೆ ವರ್ಷಿತಾಳ ಫೋನು ಬಂತು.

"ಸಾರಿ ಮೇಡಂ."

"ನೀನ್ಯಾಕಮ್ಮ ಸಾರಿ ಕೇಳ್ತೀಯ?"

"ಅವನು ಏನು ಹೇಳ್ದ, ಐದನೇ ಪ್ಯಾರಾಗೆ?"

ಸಬೀರಾ ಹೇಳಿದರು. ಆ ಕಡೆ ಎಲ್ಲೋ ಮಗು ಅಳುತ್ತಿತ್ತು, ಯಾರೋ ಬಕೆಟ್ಟು ಎಳೆಯುತ್ತಿದ್ದರು. ವರ್ಷಿತಾಳೂ ಅಳುತ್ತಿದ್ದಾಳೋ ಎಂದು ಸಬೀರಾ ಕಿವಿಗೊಟ್ಟರು.

"ಮಂಗಳವಾರ ಬಾ" ಎಂದರು ಕೊನೆಗೆ. "ಸುಮ್ನೆ ಬಾ. ಕೇಸಿಲ್ಲದಿದ್ರೂ ಬಾ. ಒಂದಿನ ಕೋರ್ಟಲ್ಲಿ ಕೂತು ಹೋಗು."

"ಮಂಗಳವಾರ ಎಷ್ಟಿದೆ ಮೇಡಂ ಪಟ್ಟೀಲಿ?"

ಸಬೀರಾ ಪಟ್ಟಿ ನೋಡಿದರು. ಅದನ್ನು ಮಗುಚಿಟ್ಟರು.

"ನಾಳೇದು ಬೇಗ ಕಳಿಸ್ತೀರಾ? ಈಗ ಹಾಲು ಕರೆಯೋದೂ ನಾನೇ, ಐದೂವರೆಗೆ ಕೂತ್ರೆ ಆಮೇಲೆ ನೋಡೋಕಾಗಲ್ಲ" ಎಂದಳು ವರ್ಷಿತಾ.

ಫೋನಿಟ್ಟ ಮೇಲೆ ಸಬೀರಾ ನಾಳಿನ ಪಟ್ಟಿ ತೆರೆದರು. ಇಪ್ಪತ್ತೊಂದು. ಎರಡನ್ನು ಅಳಿಸಿ ಅರ್ಬಾಜ್‌ನ ಹೆಸರಿಗೆ ಹಾಕಿದರು; ಅವನಿಗೆ ಅದೇ ಹೊತ್ತಿಗೆ ಯಲಹಂಕದಲ್ಲಿ ಕೆಲಸವಿತ್ತು, ತಿರುಗಿ ತೆಗೆದರು. ಒಂದನ್ನು ತಮ್ಮ ಹೆಸರಿಗೆ ಹಾಕಿಕೊಂಡರು. ಹೊಸ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು, ವಿಡಿಯೋ ಪಾಠ ಇವತ್ತೇ ಶುರುವಾ ಎಂದು ಕೇಳಿದಳು. "ಬಂದೆ, ಕೂತ್ಕೋ" ಎಂದರು. ಗಡಿಯಾರದಲ್ಲಿ ಐದು ದಾಟಿತ್ತು. ಉಳಿದ ಇಪ್ಪತ್ತನ್ನೂ ವರ್ಷಿತಾಳಿಗೆ ಕಳಿಸಿದರು.